ಎರಡು ನಿಮಿಷದ ಬೆಳಕು

ಕೋಟೆಗೆ ಹೋಗಬೇಡಿ. ಒಂಬತ್ತು ಯೂರೋ ಕೀಳುತ್ತಾರೆ.
ಒಳಗಿರುವುದು ನಾಲ್ಕು ಖಾಲಿ ಕೋಣೆ,
ಯಾವನೋ ಮಿಲಾನಿನವನು ಬಳಿದ ಹಳದಿ ಚಿತ್ರ,
ಗೊರಗುಟ್ಟುವ ಒಂದು ಏಸಿ.
ಕೋಟೆ ಇರುವುದು ಹೊರಗಿನಿಂದ ನೋಡುವುದಕ್ಕೆ.
ಕಟ್ಟಿಸಿದ ಸ್ಪೇನಿನವರಿಗೂ ಅದೇ ಬೇಕಿತ್ತು,
ಬಂದವರು ಕಡಲಿನಿಂದಲೇ ನೋಡಿ, ಹೆದರಿ, ತಿರುಗಲಿ ಅಂತ.
ಬಿಟ್ಟಿ ನೋಟ. ಆಗಲೂ, ಈಗಲೂ.

ಬ್ರಿಂಡಿಸಿ ಕಡೆಯ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿರಿ ತಾನೇ?
ಬೆನ್ನಿಗೆ ಚೀಲ, ಕೈಯಲ್ಲಿ ನಿನ್ನೆಯ ಬ್ರೆಡ್ಡು,
ನೋಡಿದರೇ ಗೊತ್ತಾಗುತ್ತದೆ. ನಾಚಿಕೆ ಯಾಕೆ,
ಈ ಊರು ಕಟ್ಟಿದ್ದೇ ಕಾಸಿಲ್ಲದವರು.
ಮೂಲೆಯಲ್ಲಿ ಸಾಂತಿನಾಳ ಒಲೆ. ಎರಡು ಯೂರೋಗೆ
ಮುಖದಷ್ಟು ಅಗಲದ ಫೊಕಾಚ್ಚಾ. ಟೊಮ್ಯಾಟೊ ಸುಟ್ಟು ಬಿರಿದಿರಬೇಕು,
ಎಣ್ಣೆ ಮೊಣಕೈತನಕ ಇಳಿಯಬೇಕು. ಇಳಿಯದಿದ್ದರೆ
ಅದ್ದೊಲೊರಾತಾ ಕಳಿಸಿದಳು ಅನ್ನಿ, ಬದಲಿಸಿ ಕೊಡುತ್ತಾಳೆ.
ಗೋಡೆಯ ಮೇಲೆ ಕೂತು ತಿನ್ನಿ. ಕೆಳಗೆ ನೀಲಿ ದೋಣಿಗಳ ಪಕ್ಕ
ವಿತಾಂತೋನ್ಯೊ ಆಕ್ಟೋಪಸ್ಸನ್ನು ಕಲ್ಲಿಗೆ ಬಡಿಯುತ್ತಿರುತ್ತಾನೆ,
ಅಗಸ ಬಟ್ಟೆ ಒಗೆದ ಹಾಗೆ.
ಅದಕ್ಕೂ ಟಿಕೆಟ್ಟಿಲ್ಲ. ಫೋಟೋ ತೆಗೆದರೆ ಮಾತ್ರ ಬೈಯುತ್ತಾನೆ.
ಬೈಗುಳವೂ ಪುರಾತನ, ಕೇಳಿಸಿಕೊಂಡು ಬನ್ನಿ.

ಈಗ ಒಳಗೆ. ತಲೆ ತಗ್ಗಿಸಿ. ಹೊಸ್ತಿಲು ಸವೆದಿದೆ.
ಕಣ್ಣು ಕತ್ತಲಿಗೆ ಹೊಂದಲಿ.
ಬಲಗಡೆ ಗೋಡೆಗೆ ತಗಡಿನ ಡಬ್ಬಿ:
ಒಂದು ಯೂರೋ ಹಾಕಿದರೆ
ಎರಡು ನಿಮಿಷ ಬೆಳಕು.
ಚಿತ್ರ ಇರುವುದು ಮೇಲೆ, ಕಮಾನು ಛಾವಣಿಯ ತುಂಬ.

ಹಾಕಬೇಡಿ. ಕಾಯಿರಿ.
ಹತ್ತೂವರೆಗೆ ಜರ್ಮನರ ಬಸ್ಸು ಬರುತ್ತದೆ,
ಅವರಲ್ಲೊಬ್ಬ ಹಾಕೇ ಹಾಕುತ್ತಾನೆ.
ನಾನು ಹೀಗಂದೆ ಅಂತ ಪಾದ್ರಿಗೆ ಹೇಳೀರಿ ಮತ್ತೆ.

ಮೂವತ್ತೊಂದು ವರ್ಷದಿಂದ ಈ ಬೀಗದಕೈ ನನ್ನ ಜೇಬಿನಲ್ಲಿ.
ನಾನೂ ಹೀಗೇ ನೋಡಿದ್ದು, ಕಂಡವರ ಕಾಸಿನಲ್ಲಿ,
ಕಂತು ಕಂತಾಗಿ.
ಒಬ್ಬ ಬೆಲ್ಜಿಯಮಿನವನ ಪುಣ್ಯಕ್ಕೆ ಪೇತ್ರನ ಕಿವಿ.
ಜಪಾನಿನ ಮುದುಕಿಯ ಪುಣ್ಯಕ್ಕೆ ಬಲೆ, ಬಲೆಯ ಗಂಟು.
ಮದುವೆಯಾಗಿ ವಾರಕ್ಕೇ ಜಗಳವಾಡುತ್ತ ಬಂದ ಬೊಲೋನ್ಯದ ಜೋಡಿ
ಕಾಸು ಹಾಕಿತು, ಮೇಲೆ ನೋಡಲಿಲ್ಲ.
ಅವರ ಎರಡು ನಿಮಿಷ ಪೂರ್ತಿ ನನಗೇ ಸಿಕ್ಕಿತು:
ಅಲೆಯ ಹಸಿರು ಬರೀ ಹಸಿರಲ್ಲ, ಒಳಗೊಂದು ಕಂದು ಇದೆ.
ಹಾಗೆ ಗೇಣು ಗೇಣು ಹೊಲಿದುಕೊಂಡೆ ಇಡೀ ಛಾವಣಿ.
ಕತ್ತಲಲ್ಲಿ ನೆಲ ಒರೆಸುವಾಗ
ಯಾವ ಹಾಸುಗಲ್ಲಿನ ನೆತ್ತಿಯ ಮೇಲೆ ಯಾರು ನಿಂತಿದ್ದಾರೆ,
ಹೇಳಬಲ್ಲೆ.

ಒಂದು ಸಲ, ಫೆಬ್ರವರಿ, ಹೊರಗೆ ಮಳೆ,
ವೈರು ಸರಿಮಾಡಲು ಬಂದ ಹುಡುಗ ಊಟಕ್ಕೆ ಹೋದ,
ದೀಪ ಆರಿಸುವುದು ಮರೆತ.
ಮೂರು ಗಂಟೆ! ತೊಂಬತ್ತು ಯೂರೋ, ಲೆಕ್ಕ ಹಾಕಿ.
ಬಕೆಟ್ಟು ಬಿಟ್ಟು ಬೆಂಚಿನ ಮೇಲೆ ಅಂಗಾತ ಮಲಗಿದೆ
ಶ್ರೀಮಂತರ ಮನೆ ಹೆಂಗಸಿನ ಹಾಗೆ.
ಮೊದಲ ಅರ್ಧ ಗಂಟೆ, ಆಹಾ.
ಆಮೇಲೆ ತೇವದ ಕಲೆ ಕಂಡಿತು. ಯೇಸುವಿನ ಮೊಣಕಾಲಲ್ಲಿ ಬಿರುಕು.
ಒಬ್ಬ ದೇವದೂತನಿಗೆ ಎರಡೂ ಎಡಗೈ.
ಒಂದು ಗಂಟೆಗೆ ನಿದ್ದೆ ಬಂತು.
ಸುಳ್ಳೇಕೆ ಹೇಳಲಿ, ಗೊರಕೆ ಹೊಡೆದೆ.

ಎದ್ದು, ಬಾಯಿ ಒರೆಸಿಕೊಂಡು, ಸುಮ್ಮನೆ ಆಚೆ ತಿರುಗಿದರೆ
ಎಡ ಮೂಲೆಯಲ್ಲಿ, ಯಾರ ಕಾಸೂ ತಲುಪದ ಕಡೆ,
ಒಬ್ಬಳು ಹೆಂಗಸು.
ನಡುವೆ ಅಷ್ಟು ದೊಡ್ಡ ಪವಾಡ, ದೋಣಿ ಮುಳುಗುವಷ್ಟು ಮೀನು,
ಜನ ಕೈಯೆತ್ತಿ ಕೂಗುತ್ತಿದ್ದಾರೆ;
ಇವಳು ಬೆನ್ನು ತಿರುಗಿಸಿ ಕುಕ್ಕುರುಗಾಲಲ್ಲಿ ಕೂತು
ಒಂದೇ ಒಂದು ಮೀನಿನ ಹುರುಪೆ ಕೆರೆಯುತ್ತಿದ್ದಾಳೆ.
ಕೈ ನನ್ನದೇ. ಗಿಣ್ಣು ಊದಿದೆ.
ಮಾತಾಡಿಸಬೇಕೆನಿಸಿತು:
ಏನಕ್ಕಾ, ಮಿಕ್ಕಿದ್ದನ್ನೆಲ್ಲ ಯಾರು ಕೆರೆಯುತ್ತಾರೆ?
ಅಷ್ಟರಲ್ಲಿ ಹುಡುಗ ಬಂದು ದೀಪ ಆರಿಸಿದ.

ಅಗೋ, ಬಸ್ಸು. ಚಪ್ಪಲಿ ಸದ್ದು ಕೇಳಿಸಿತೇ?
ಎದ್ದು ನಿಲ್ಲಿ. ನಾಣ್ಯ ಬೀಳುವ ಮೊದಲೇ ಕತ್ತು ಎತ್ತಿರಬೇಕು.
ಅವರು ನಡುವೆ ನೋಡಲಿ. ನೀವು ಎಡಕ್ಕೆ.
ಇನ್ನೂ ಎಡಕ್ಕೆ.
ಹೋಗುವಾಗ ಬಾಗಿಲು ಎಳೆದುಕೊಳ್ಳಿ, ಬೆಕ್ಕು ನುಗ್ಗುತ್ತದೆ.